ಹಿತ್ತಿಲ ಸಾಲಿನ ಅರವತ್ಮೂರು ಮಂದಿ

ಆದೋನಿ
14 ಜೂನ್ 2021

ಚಿ. ಸೌ. ಸುಹಾಸಿನಿಗೆ ಗೋವಿಂದಪ್ಪ ಮಾಡುವ ಆಶೀರ್ವಾದಗಳು.

ನನ್ನ ಕೈಬರಹ ನಿನಗೆ ಮರೆತಿರಲಿಕ್ಕಿಲ್ಲ. ಹತ್ತನೇ ತರಗತಿಯಲ್ಲಿ ನಿನ್ನ ನಕಾಶೆಗಳ ಮೇಲೆ ಅದನ್ನು ಕೆಂಪು ಶಾಯಿಯಲ್ಲಿ ಸಾಕಷ್ಟು ಕಂಡಿದ್ದೀಯೆ. ಫೋನಿನಲ್ಲಿ ಮಾತಾಡುವುದು ನನ್ನಿಂದಾಗದು. ಅದನ್ನು ಕಿವಿಗೆ ಹಚ್ಚಿದ ಕೂಡಲೇ ಓದಿದವರೂ ಕುರಿ ಕಾಯುವವರಂತೆ ಕೂಗಲು ಶುರುಮಾಡುತ್ತಾರೆ. ಆದ್ದರಿಂದ ಬರೆದು ಕೊಡುತ್ತೇನೆ. ನೆಟ್ ಸೆಂಟರಿನ ಶ್ರೀರಾಮುಲು ಅದರ ಫೋಟೊ ತೆಗೆದು ನಿನಗೆ ಕಳಿಸುತ್ತಾನೆ. ನಿನ್ನ ಉತ್ತರವನ್ನೂ ಅವನೇ ಪ್ರಿಂಟ್ ಹಾಕಿ ತಂದುಕೊಡುತ್ತಾನೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ಹಿತ್ತಿಲ ಸಾಲು ನಿನಗೆ ಗೊತ್ತೇ ಇದೆ. ನೀನು ಹುಟ್ಟಿ ಬೆಳೆದದ್ದೇ ಅಲ್ಲಿ. ನಮ್ಮ ತಂದೆ ಹತ್ತಿಯ ಜಿನ್ನಿಂಗ್ ಮಿಲ್ಲಿನ ಕೂಲಿಯವರಿಗೆಂದು ಹಾಕಿಸಿದ ಹನ್ನೊಂದು ಕೋಣೆ, ಒಂದು ನಲ್ಲಿ. ಇವತ್ತು ಅದರಲ್ಲಿ ಅರವತ್ಮೂರು ಮಂದಿ ಇದ್ದಾರೆ. ನಾನೇ ಮಹಡಿಯ ಮೇಲೆ ನಿಂತು ಎಣಿಸಿದ್ದೇನೆ. ಹೋದ ತಿಂಗಳ ರೋಗದಲ್ಲಿ ಇಬ್ಬರು ಹೋದರು: ಎರಡನೇ ಕೋಣೆಯ ಯರ್ರೆಪ್ಪ ಮತ್ತು ಐದನೆಯದರ ಉಚ್ಚೀರಪ್ಪನ ಹೆಂಡತಿ. ಎಲ್ಲರೂ ರೋಗವನ್ನು ಬೈಯುತ್ತಾರೆ. ನಾನು ಸಾಂದ್ರತೆಯನ್ನು ಬೈಯುತ್ತೇನೆ. ಮೂವತ್ಮೂರು ವರ್ಷ ಪಾಠ ಮಾಡಿದ ವಿಷಯ ನನ್ನ ಹಿತ್ತಿಲಲ್ಲೇ ಹೇಸಿಗೆಯಾಗಿ ಹರಡಿಕೊಂಡಿರುವುದನ್ನು ಇನ್ನು ನೋಡಲಾರೆ.

ಆ ಸಾಲನ್ನು ಕೆಡವಿಸುತ್ತೇನೆ. ಅಲ್ಲಿ ಬೇವು, ಹೊಂಗೆ, ನಡುವೆ ಖಾಲಿ ನೆಲ. ಊರಿಗೆ ಉಸಿರಾಡಲು ಅಷ್ಟಾದರೂ ಜಾಗ ಬೇಡವೇ? 'ವಾಸಕ್ಕೆ ಅಯೋಗ್ಯ' ಎಂದು ಘೋಷಿಸುವಂತೆ ಪುರಸಭೆಗೆ ಅರ್ಜಿ ಬರೆಯುತ್ತಿದ್ದೇನೆ. ಅದಕ್ಕೆ ನಿನ್ನಿಂದ ಒಂದು ಸಹಾಯ ಆಗಬೇಕು. ಅಮೆರಿಕದ ದೊಡ್ಡ ನಗರದಲ್ಲಿ ಮನುಷ್ಯರು ಹೇಗೆ ಬದುಕುತ್ತಾರೆ, ನೀನಿರುವ ಮನೆ ಎಷ್ಟು ದೊಡ್ಡದು, ಸುತ್ತ ಎಷ್ಟು ಖಾಲಿ ಜಾಗ ಬಿಟ್ಟಿದ್ದಾರೆ ಎಂಬುದನ್ನು ಕಣ್ಣಾರೆ ಕಂಡವಳಾಗಿ ಬರೆದು ಕಳಿಸು. ಪುಸ್ತಕದ ಮಾತಿಗೆ ಇಲ್ಲಿ ಬೆಲೆಯಿಲ್ಲ, ನ್ಯೂಯಾರ್ಕಿನ ಪತ್ರಕ್ಕೆ ಇದೆ.

ನಿನ್ನ ಚಿಕ್ಕಮ್ಮ ಬಸವಕ್ಕ ಇನ್ನೂ ಏಳನೇ ಕೋಣೆಯಲ್ಲೇ ಇದ್ದಾಳೆ. ಆಕೆಯನ್ನು ನೀನು ಕರೆಸಿಕೊಳ್ಳುವುದು ಲೇಸು. ನಿನ್ನ ಗಂಡ ತಿರುಪತಿಗೆ ನನ್ನ ಆಶೀರ್ವಾದ ತಿಳಿಸು.

ಗೋವಿಂದಪ್ಪ


ಕ್ವೀನ್ಸ್, ನ್ಯೂಯಾರ್ಕ್
4 ಜುಲೈ 2021

ಪೂಜ್ಯ ಸಾರ್‌ಗೆ ಸುಹಾಸಿನಿಯ ನಮಸ್ಕಾರ.

ನಿಮ್ಮ ಕೈಬರಹ ನೋಡಿ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಿದರೆ ಸಾಂದ್ರತೆ ಬರುತ್ತದೆ ಎಂದು ನೀವು ಹೇಳಿಕೊಟ್ಟ ದಿನ ನಮ್ಮ ಸಾಲಿನ ಆಂಜಿ ಎದ್ದು ನಿಂತು, 'ಸಾರು, ರಾತ್ರಿ ಪಾಳಿಗೆ ಹೋದವ್ರನ್ನ ಮನಿಯಾಗ ಹಿಡಿಬೇಕೋ ಮಿಲ್ಲಿನಾಗೋ?' ಎಂದು ಕೇಳಿದ. ನೀವು ಉತ್ತರ ಕೊಡಲಿಲ್ಲ, ಬೆತ್ತ ಕೊಟ್ಟಿರಿ. ಅವನಪ್ಪ, ನಮ್ಮಪ್ಪ, ಒಂಬತ್ತನೇ ಕೋಣೆಯ ಅಣ್ಣತಮ್ಮಂದಿರು ಪಾಳಿಯ ಪ್ರಕಾರ ಒಂದೇ ಚಾಪೆಯನ್ನು ಹಂಚಿಕೊಳ್ಳುತ್ತಿದ್ದರು. ಅವನಿಗೆ ಅದು ನಿಜವಾಗಿಯೂ ತಿಳಿಯಬೇಕಿತ್ತು.

ನೀವು ಕೇಳಿದ ಸಾಕ್ಷಿ ಇಗೋ. ನಾನಿರುವುದು ಮೂರು ಮಹಡಿಯ ಇಟ್ಟಿಗೆಯ ಮನೆ. ಹಿಂದೆ ಅಂಗಳವಿದೆ, ಅಂಗಳದಲ್ಲಿ ಮರವಿದೆ. ಹೆಸರು ಗೊತ್ತಿಲ್ಲ, ನೆರಳಂತೂ ಕೊಡುತ್ತದೆ. ಇಷ್ಟು ಸಾಕೇ?

ನನ್ನ ಕೆಲಸ ಮುದುಕರನ್ನು ನೋಡಿಕೊಳ್ಳುವುದು. ಮೀಯಿಸುವುದು, ಉಣಿಸುವುದು, ಮಾತ್ರೆ ಕೊಡುವುದು. ಹೋದ ವರ್ಷ ಊರಾಚೆ ಒಬ್ಬರ ಮನೆಗೆ ಹೋಗುತ್ತಿದ್ದೆ. ಏಳು ಕೋಣೆ, ಒಬ್ಬ ಮನುಷ್ಯ. ಸುತ್ತ ಎಷ್ಟು ಖಾಲಿ ನೆಲವೆಂದರೆ ನೀವು ಕಂಡರೆ ಅಡ್ಡಬಿದ್ದು ನಮಸ್ಕರಿಸಿಬಿಡುತ್ತೀರಿ. ಅವರು ದಿನವೂ ಟಿವಿಯಲ್ಲಿ ಹವಾಮಾನ ಹೇಳುವ ಹೆಂಗಸಿಗೆ ಉತ್ತರ ಕೊಡುತ್ತಾ ಕೂತಿರುತ್ತಿದ್ದರು. 'ನಾಳೆ ಮಳೆ' ಎಂದರೆ 'ಸರಿಯಮ್ಮ' ಎನ್ನುವುದು. ಅದನ್ನೂ ಅರ್ಜಿಗೆ ಸೇರಿಸಿಕೊಳ್ಳಿ.

ಚಿಕ್ಕಮ್ಮನನ್ನು ಕರೆಸಿಕೊಳ್ಳುವುದು ಚೀಲ ಕಳಿಸಿದಷ್ಟು ಸುಲಭವಲ್ಲ. ಆಕೆಗೆ ಬೇರೆ ಕಡೆ ವ್ಯವಸ್ಥೆ ಆಗುವವರೆಗೆ ಸಾಲನ್ನು ಮುಟ್ಟಬೇಡಿ. ಇದು ವಿನಂತಿ. ನಿಮ್ಮ ಎದುರು ವಿನಂತಿ ಮಾಡಿ ರೂಢಿಯಿರುವುದರಿಂದ ಮಾಡುತ್ತಿದ್ದೇನೆ.

ಸುಹಾಸಿನಿ


ಆದೋನಿ
25 ಜುಲೈ 2021

ಚಿ. ಸೌ. ಸುಹಾಸಿನಿಗೆ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಉಪಯೋಗಕ್ಕೆ ಬಂದದ್ದು ಮೂರು ಸಾಲು. ಉಳಿದದ್ದು ಹರಟೆ. ಆದರೆ ಆ ಮೂರು ಸಾಲು ಚೊಕ್ಕವಾಗಿವೆ. ಅರ್ಜಿಯಲ್ಲಿ ಹೀಗೆ ಹಾಕಿದ್ದೇನೆ: 'ಇದೇ ಸಾಲಿನ ಏಳನೇ ಕೋಣೆಯಲ್ಲಿ ಬೆಳೆದ ನನ್ನ ಶಿಷ್ಯೆಯೊಬ್ಬಳು ಇಂದು ನ್ಯೂಯಾರ್ಕ್ ನಗರದಲ್ಲಿ ಅಂಗಳವೂ ಮರವೂ ಇರುವ ಮೂರು ಮಹಡಿಯ ಮನೆಯಲ್ಲಿ ವಾಸವಾಗಿದ್ದಾಳೆ. ಸ್ಥಳ ಬದಲಾದರೆ ಮನುಷ್ಯ ಬದಲಾಗುತ್ತಾನೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?' ಶ್ರೀರಾಮುಲು ಟೈಪ್ ಮಾಡುತ್ತಾ ನಕ್ಕ. ಅವನ ನಗುವಿಗೆ ಅರ್ಥವಿರುವುದಿಲ್ಲ.

ಹನ್ನೊಂದು ಬಾಗಿಲಿಗೂ ಚೀಟಿ ಅಂಟಿಸಿದ್ದೇನೆ. ದಸರೆಯೊಳಗೆ ಖಾಲಿ ಮಾಡಬೇಕು. ಓದಲು ಬಾರದವರು ಓದಬಲ್ಲವರನ್ನು ಕರೆದು ಓದಿಸಿಕೊಂಡರು; ಓದಬಲ್ಲವರು ತಿಳಿಯದವರಂತೆ ನಟಿಸಿದರು. ಸಂಜೆ ನಿನ್ನ ಚಿಕ್ಕಮ್ಮ ನಮ್ಮ ಗೇಟಿನ ಬಳಿ ಬಂದು ನಿಂತಳು. ಅವಳ ಮಾತನ್ನು ಇದ್ದಂತೆಯೇ ಬರೆಯುತ್ತೇನೆ, ನಿನಗೂ ಗೊತ್ತಾಗಲಿ.

'ಸಾರು, ಗಿಡಾ ಹಚ್ಚತೀರಂತ.'

'ಹೌದು.'

'ಗಿಡಕ್ಕ ದಿನಾ ನೀರು ಹಾಕಬೇಕಲ್ರಿ.'

'ಹಾಕಿಸುತ್ತೇನೆ.'

'ನಾವೇನು ಗಿಡಕ್ಕಿಂತ ಹೆಚ್ಚು ಕುಡಿತೀವೇನ್ರಿ? ಎಲ್ಡನೇ ನಲ್ಲಿ ಹಾಕಸ್ರಿ ಅಂತ ಎಂಟು ವರ್ಸದಿಂದ ಕೇಳಾಕತ್ತೀವಿ.'

ಇಂಥವರೊಂದಿಗೆ ಏನು ಮಾತಾಡುವುದು? ಅವಳು ನಲ್ಲಿಯನ್ನು ಕಾಣುತ್ತಾಳೆ, ನಾನು ನಗರವನ್ನು ಕಾಣುತ್ತೇನೆ. ಮಳೆ ತಪ್ಪಿದಾಗಲೆಲ್ಲ ಹೊಳಗುಂದದ ಕಡೆಯ ಹಳ್ಳಿಗಳಿಂದ ಇನ್ನೆರಡು ಸಂಸಾರ ಬಂದು ಈ ಸಾಲಿನಲ್ಲಿ ತುರುಕಿಕೊಳ್ಳುತ್ತವೆ. ಯಾರೂ ಬೇಡ ಎನ್ನುವುದಿಲ್ಲ. ಬೇಡ ಎನ್ನಲು ಬಾರದ ಜನ ಊರನ್ನು ಕಟ್ಟಲಾರರು.

ನಿನಗೆ ಅದರಿಂದ ಬಿಡುಗಡೆಯಾಯಿತು. ಅದಕ್ಕೆ ಕೆಂಪು ಶಾಯಿಯೂ ಸ್ವಲ್ಪ ಕಾರಣ ಎಂದುಕೊಂಡಿದ್ದೇನೆ.

ಗೋವಿಂದಪ್ಪ


ಕ್ವೀನ್ಸ್
15 ಆಗಸ್ಟ್ 2021

ಸಾರ್‌ಗೆ ನಮಸ್ಕಾರ.

ಮೂರು ದಿನದ ಹಿಂದೆ ಇಲ್ಲಿಯ ಜನಗಣತಿಯ ಅಂಕಿ ಹೊರಗೆ ಬಂತು. ನೀವು ಸತ್ಯಪ್ರಿಯರಾದ್ದರಿಂದ ಕಳಿಸುತ್ತಿದ್ದೇನೆ.

ನ್ಯೂಯಾರ್ಕಿನಲ್ಲಿ ಎಂಬತ್ತೆಂಟು ಲಕ್ಷ ಜನ. ಹತ್ತು ವರ್ಷದಲ್ಲಿ ಆರು ಲಕ್ಷಕ್ಕೂ ಮೇಲೆ ಹೆಚ್ಚಿದ್ದಾರೆ. ಊರು ಖಾಲಿಯಾಗುತ್ತಿದೆ, ಎಲ್ಲ ಓಡಿಹೋಗುತ್ತಿದ್ದಾರೆ ಎಂದು ವರ್ಷವಿಡೀ ಬರೆದ ಪಂಡಿತರು ಈಗ ಬೇರೆ ವಿಷಯ ಹುಡುಕುತ್ತಿದ್ದಾರೆ. ಚದರ ಕಿಲೋಮೀಟರಿಗೆ ಹನ್ನೊಂದು ಸಾವಿರದ ಮೇಲೆ. ನೀವು ಹತ್ತನೇ ತರಗತಿಗೆ ಬರೆಸಿದ ನೋಟ್ಸಿನ ಪ್ರಕಾರ ಆದೋನಿ ಐದು ಸಾವಿರದೊಳಗೆ. ಭಾಗಾಕಾರ ನೀವೇ ಮಾಡಿಕೊಳ್ಳಿ. ನಿಮಗೆ ಬೇಕಾದ ಖಾಲಿ ನೆಲ ಹ್ಯೂಸ್ಟನ್, ಫೀನಿಕ್ಸ್ ಕಡೆಗಿದೆ. ಅಲ್ಲಿ ಉಪ್ಪು ತರಲಿಕ್ಕೂ ಕಾರು ಬೇಕು. ಆ ಊರುಗಳೂ ಬೆಳೆಯುತ್ತಿವೆ, ಎಣ್ಣೆ ಚೆಲ್ಲಿದ ಹಾಗೆ. ಡೆಟ್ರಾಯಿಟಿನಲ್ಲಿ ಜನ ಕಡಿಮೆಯಾಗಿದ್ದಾರೆ. ಜನ ಕಡಿಮೆಯಾದರೆ ಊರು ಸ್ವರ್ಗವಾಗುತ್ತದೆ ಎಂದು ಅಲ್ಲಿಯವರು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಈ ಎಂಬತ್ತೆಂಟು ಲಕ್ಷವೂ ಪೂರ್ತಿ ನಿಜವಲ್ಲ. ಹೋದ ವರ್ಷ ಎಣಿಸುವವಳು ನಮ್ಮ ಮನೆಗೂ ಬಂದಿದ್ದಳು. ಮನೆಯೊಡೆಯ ಬಾಗಿಲಲ್ಲೇ ನಿಂತು ನಾಲ್ವರು ಎಂದು ಹೇಳಿ ಕಳಿಸಿದ.

ನಿಮ್ಮ ಅರ್ಜಿಯಲ್ಲಿ ನನ್ನ ಹೆಸರಿಲ್ಲದಿದ್ದರೂ ನಾನಿದ್ದೇನೆ. ತೆಗೆದುಹಾಕಿ. ನಿಮ್ಮ ಹಿತ್ತಿಲಿಗೆ ಗೊಬ್ಬರವಾಗಲು ನಾನು ಇಷ್ಟು ದೂರ ಬರಲಿಲ್ಲ.

ಸುಹಾಸಿನಿ


ಆದೋನಿ
29 ಆಗಸ್ಟ್ 2021

ಸುಹಾಸಿನಿಗೆ,

ಅಂಕಿಗಳನ್ನು ನೋಡಿದೆ. ಅಂಕಿ ಕೊಟ್ಟರೆ ಅರ್ಥ ಬರುವುದಿಲ್ಲ ಎಂದು ಎಷ್ಟು ಸಲ ಹೇಳಿದ್ದೆ. ಅಲ್ಲಿ ಹನ್ನೊಂದು ಸಾವಿರ ಜನ ಮೇಲೆ ಮೇಲೆ, ಬೇರೆ ಬೇರೆ ಬಾಗಿಲುಗಳ ಹಿಂದೆ, ಅಚ್ಚುಕಟ್ಟಾಗಿ ಇದ್ದಾರೆ. ಇಲ್ಲಿ ಐದು ಸಾವಿರ ಜನ ಒಬ್ಬರ ತಟ್ಟೆಯಲ್ಲಿ ಒಬ್ಬರು ಕೈಯಿಟ್ಟುಕೊಂಡಿದ್ದಾರೆ. ಮೊದಲನೆಯದು ನಗರ, ಎರಡನೆಯದು ಸಂತೆ. ಈ ವ್ಯತ್ಯಾಸ ನ್ಯೂಯಾರ್ಕಿನಲ್ಲಿದ್ದೂ ನಿನಗೆ ತಿಳಿಯದಿದ್ದರೆ ಬೆತ್ತ ಸಾಲಲಿಲ್ಲ ಎಂದೇ ಅರ್ಥ.

ನಿನ್ನ ಪತ್ರವೇ ನನ್ನ ಮಾತಿಗೆ ಸಾಕ್ಷಿ. ಮೂರು ಮಹಡಿ, ನಾಲ್ವರು. ನೀನು, ತಿರುಪತಿ, ಅತ್ತೆ ಮಾವ ಎಂದು ತಿಳಿದುಕೊಂಡಿದ್ದೇನೆ. ತಲಾ ಮುಕ್ಕಾಲು ಮಹಡಿ. ಇದನ್ನೂ ಅರ್ಜಿಗೆ ಸೇರಿಸಿ ಹೊಸ ಪ್ರತಿ ಕೊಟ್ಟೆ. ಇಷ್ಟು ಅನುಕೂಲದಲ್ಲಿ ಕೂತು ಗುಂಪಿನ ಪರ ವಕಾಲತ್ತು ಮಾಡುವುದು ಸುಲಭ. ಹೊಟ್ಟೆ ತುಂಬಿದವರ ಕರುಣೆಯನ್ನು ನಾನು ಬಹಳ ಕಂಡಿದ್ದೇನೆ.

ಪುರಸಭೆಯಿಂದ ಒಬ್ಬ ಅಧಿಕಾರಿ ಅಕ್ಟೋಬರಿನಲ್ಲಿ ಬಂದು ಸಾಲನ್ನು ನೋಡುತ್ತಾನಂತೆ. ಅಲ್ಲಿಯವರೆಗೆ ಮತ್ತೆ ಅಂಕಿ ಕಳಿಸುವ ತೊಂದರೆ ತೆಗೆದುಕೊಳ್ಳಬೇಡ.

ಗೋವಿಂದಪ್ಪ


ನ್ಯೂಯಾರ್ಕ್
19 ಸೆಪ್ಟೆಂಬರ್ 2021

ಸಾರ್,

ಉತ್ತರ ತಡವಾಯಿತು. ನನ್ನ ಫೋನು ನೀರಿನಲ್ಲಿ ಹೋಗಿತ್ತು. ಇದನ್ನು ಲೈಬ್ರರಿಯ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೇನೆ. ನನ್ನ ಹಿಂದೆ ಆರು ಜನ ಸಾಲಾಗಿ ನಿಂತಿದ್ದಾರೆ. ನಿಮಗೆ ಹಿಡಿಸದ ದೃಶ್ಯ.

ಮೂರು ಮಹಡಿಯ ಮನೆ ಎಂದು ಬರೆದಿದ್ದೆ. ನಿಜ. ಮೂರರ ಕೆಳಗೆ ಇನ್ನೊಂದಿದೆ ಎಂಬುದನ್ನು ಬರೆಯಲಿಲ್ಲ. ನೆಲದೊಳಗೆ ತೋಡಿದ ಕೋಣೆ. ಅಂಗಳದ ಮಟ್ಟಕ್ಕೆ ಒಂದು ಸಣ್ಣ ಕಿಟಕಿ, ಅದಕ್ಕೆ ಕಬ್ಬಿಣದ ಸರಳು. ನಾವು ಆರು ಹೆಂಗಸರು ಅಲ್ಲಿದ್ದೆವು. ಮನೆಯಲ್ಲಿ ಒಟ್ಟು ಹತ್ತೊಂಬತ್ತು ಮಂದಿ. ಮರವನ್ನು ನಾನು ಬೇರಿನ ಕಡೆಯಿಂದ ನೋಡುತ್ತಿದ್ದೆ. ನಾಲ್ವರು ಎನ್ನುವುದು ಮನೆಯೊಡೆಯನ ಸುಳ್ಳು. ಅದರೊಳಗೆ ತಿರುಪತಿಯನ್ನೂ ಅತ್ತೆ ಮಾವಂದಿರನ್ನೂ ಕೂರಿಸಿದ್ದು ನಿಮ್ಮ ಪಾಂಡಿತ್ಯ. ತಿರುಪತಿ ನನ್ನನ್ನು ಬಿಟ್ಟು ಮೂರು ವರ್ಷವಾಯಿತು. ಚಿಕ್ಕಮ್ಮನಿಗೂ ಹೇಳಿರಲಿಲ್ಲ. ಈಗ ಶ್ರೀರಾಮುಲು ಓದುತ್ತಾನೆ, ಹೇಳಿಬಿಡುತ್ತಾನೆ. ಹೇಳಲಿ.

ಸೆಪ್ಟೆಂಬರ್ ಒಂದರಂದು ಮಳೆ ಬಂತು. ಆದೋನಿಯಲ್ಲಿ ಒಂದು ಮಳೆಗಾಲ ಪೂರ್ತಿ ಬಂದರೂ ಅಷ್ಟು ನೀರು ಕಂಡವಳಲ್ಲ ನಾನು. ಮೊದಲು ಪಾಯಿಖಾನೆಯಿಂದ ಮೇಲಕ್ಕೆ ಬಂತು, ಆಮೇಲೆ ಮೆಟ್ಟಿಲಿನಿಂದ ಕೆಳಕ್ಕೆ. ಸೊಂಟದಷ್ಟಾಗುವ ಹೊತ್ತಿಗೆ ಬಾಗಿಲು ನೀರಿನ ಭಾರಕ್ಕೆ ಕಚ್ಚಿಕೊಂಡು ನಿಂತಿತ್ತು. ಎಳೆದೆವು. ಬರಲಿಲ್ಲ. ದೀಪ ಹೋಯಿತು. ಕೂಗಿದೆವು. ನಾನು ಯಾವ ಭಾಷೆಯಲ್ಲಿ ಕೂಗಿದೆನೋ ನೆನಪಿಲ್ಲ.

ನಮ್ಮ ನೆತ್ತಿಯ ಮೇಲಿನ ಮಹಡಿಯಲ್ಲಿ ಎಕ್ವೆಡಾರ್ ದೇಶದ ಒಂದು ಸಂಸಾರವಿತ್ತು. ಎರಡು ಕೋಣೆಯಲ್ಲಿ ಎಂಟು ಜನ. ಅವರ ಮಕ್ಕಳ ಗಲಾಟೆಗೆ ನಾನು ಎಷ್ಟೋ ಸಲ ಕೋಲಿನಿಂದ ಛಾವಣಿ ಕುಟ್ಟಿದ್ದೇನೆ. ಅವರು ಕೂಗು ಕೇಳಿ ಇಳಿದುಬಂದರು. ಅವರ ಹಿಂದೆ ಮೂರನೇ ಮಹಡಿಯವರೂ ಬಂದರು. ಹೊರಗಿನಿಂದ ಗಡಾರಿ ಹಾಕಿ ಸರಳು ಮೀಟಿದರು. ಒಬ್ಬರಿಂದ ಆಗುವ ಕೆಲಸವಲ್ಲ ಅದು, ಇಬ್ಬರಿಂದಲೂ ಅಲ್ಲ. ಒಬ್ಬೊಬ್ಬರನ್ನೇ ಕಂಕುಳಲ್ಲಿ ಕೈ ಹಾಕಿ ಎಳೆದರು. ನೇಪಾಳದ ದಿಲ್‌ಮಾಯಾ, ಅರವತ್ತು ದಾಟಿದವಳು, ತನ್ನ ಕಾಗದಪತ್ರದ ಡಬ್ಬಿ ಬಿಡದೆ ಕಿಟಕಿಯಲ್ಲಿ ಸಿಕ್ಕಿಕೊಂಡಳು. ನಾನು ಕೆಳಗಿನಿಂದ ಅವಳ ಪಾದ ಹೆಗಲ ಮೇಲಿಟ್ಟುಕೊಂಡು ನೂಕಿದೆ. ಆಗ ನೀರು ನನ್ನ ಗದ್ದಕ್ಕೆ ಬಂದಿತ್ತು. ಕೊನೆಗೆ ಹೊರಗೆ ಬಂದವಳು ನಾನು.

ಪಕ್ಕದ ಬೀದಿಯಲ್ಲಿ ಇಂಥದೇ ಕೋಣೆಯಲ್ಲಿ ಒಬ್ಬ ಮುದುಕ ಒಂಟಿಯಾಗಿದ್ದ. ಅವನು ಮರುದಿನ ಸಿಕ್ಕ. ಅಲ್ಲಿ ಒಬ್ಬನಿದ್ದಾನೆ ಎಂದೇ ಯಾರಿಗೂ ಗೊತ್ತಿರಲಿಲ್ಲ.

ನಾಲ್ಕನೇ ದಿನ ನಗರಸಭೆಯವರು ಬಂದು ನಮ್ಮ ಬಾಗಿಲಿಗೆ ಕಾಗದ ಅಂಟಿಸಿದರು. ವಾಸಕ್ಕೆ ಅಯೋಗ್ಯ, ಖಾಲಿ ಮಾಡಿ. ಕಾಗದ ಹೇಳಿದ್ದು ಸರಿಯೇ. ಹತ್ತೊಂಬತ್ತು ಮಂದಿ ಎಲ್ಲಿಗೆ ಹೋಗಬೇಕು ಎಂಬುದು ಅದರಲ್ಲಿರಲಿಲ್ಲ. ಒಂದು ವಾರ ಶಾಲೆಯೊಂದರ ಆಟದ ಹಾಲ್‌ನಲ್ಲಿ ಮಲಗಿದೆವು. ಕಾಗದ ಅಂಟಿಸಿದವನ ಶೂ ಬಹಳ ಸ್ವಚ್ಛವಾಗಿತ್ತು, ಸಾರ್. ನಿಮ್ಮ ನೆನಪಾಯಿತು.

ನನ್ನನ್ನು ಅರ್ಜಿಯಲ್ಲಿ ಇಡುವುದೇ ಆದರೆ ಇದನ್ನು ಇಡಿ. ಇಲ್ಲವೇ ಅರ್ಜಿಯನ್ನು ಹರಿದುಹಾಕಿ.

ಸುಹಾಸಿನಿ


ಆದೋನಿ
24 ಅಕ್ಟೋಬರ್ 2021

ಸುಹಾಸಿನಿಗೆ,

ಗುರುವಿಗೆ ಸುಳ್ಳು ಬರೆದವಳು ಎಂಬ ಒಂದು ಮಾತಿನಿಂದಲೇ ಆರಂಭಿಸುತ್ತೇನೆ. ನಿನ್ನ ಮೂರು ಮಹಡಿಯನ್ನು ನಂಬಿ ನಾನು ಸಹಿ ಹಾಕಿದೆ. ಸತ್ಯವನ್ನು ಅರ್ಧ ಹೇಳುವುದು ಕಲಿಸಿದವನು ನಾನಲ್ಲ.

ಶ್ರೀರಾಮುಲು ನಿನ್ನ ಪತ್ರವನ್ನು ನನಗೆ ಕೊಡುವ ಮೊದಲು ಸಾಲಿನ ನಲ್ಲಿಯ ಕಟ್ಟೆಯ ಮೇಲೆ ನಿಂತು ಓದಿದ್ದಾನೆ. ಅವನಿಂದ ಬೇರೇನು ನಿರೀಕ್ಷಿಸಲಿ? ಈಗ ನಿನ್ನ ಸಂಸಾರದ ಕಥೆ ಅರವತ್ಮೂರು ಬಾಯಲ್ಲಿದೆ. ನೀನು ಇಷ್ಟೊಂದು ಮೆಚ್ಚುವ ಗುಂಪು ಮಾಡುವ ಕೆಲಸ ಇದೇ.

ಅಧಿಕಾರಿ ಹದಿನೆಂಟರಂದು ಬಂದ. ನನ್ನ ಮಗನ ವಯಸ್ಸಿರಬಹುದು. ದಪ್ಪ ರಿಜಿಸ್ಟರ್ ಒಂದನ್ನು ಸ್ಕೂಟರಿನ ಸೀಟಿನ ಮೇಲಿಟ್ಟು ಪುಟ ತಿರುವಿದ. ನಮ್ಮ ಆಸ್ತಿಯ ಪುಟ ಸಿಕ್ಕಿತು. ಅದರಲ್ಲಿ ಹಿತ್ತಿಲ ಸಾಲನ್ನು 'ದನದ ಕೊಟ್ಟಿಗೆ, ಖಾಲಿ' ಎಂದು ಬರೆಯಲಾಗಿದೆ. ನಮ್ಮ ತಂದೆ ಬರೆಸಿದ್ದು. ನಾನೂ ಬದಲಾಯಿಸಿರಲಿಲ್ಲ. ಅಂಥ ಸಣ್ಣ ವಿಷಯಗಳಿಗೆ ನನಗೆ ವ್ಯವಧಾನವಿರಲಿಲ್ಲ.

ಅವನು ಸಾಲನ್ನು ನೋಡಿದ, ನನ್ನನ್ನು ನೋಡಿದ. 'ಮೇಷ್ಟ್ರೇ, ನಮ್ಮ ರಿಕಾರ್ಡಿನಾಗ ಇಲ್ಲಿ ಮನಿನೇ ಇಲ್ಲ. ಇಲ್ಲದ ಮನಿ ಕೆಡವಾಕ ನಾನು ಆರ್ಡರ್ ಹೆಂಗ ಬರೀಲಿ?' ಎಂದ.

'ಕಣ್ಣಿಗೆ ಕಾಣುವುದಿಲ್ಲವೇ?' ಎಂದೆ.

'ಕಾಣತೈತಿ. ಅದಕ್ಕ ಮದ್ಲು ಬರಕೊಳ್ಳಬೇಕು. ಅರವತ್ಮೂರು ಮಂದಿ ಅಂತ ನೀವ ಅರ್ಜಿಯಾಗ ಕೊಟ್ಟೀರಿ, ಸಹಿನೂ ನಿಮ್ದ ಐತಿ. ಇವ್ರು ಇದಾರಂತ ಇಷ್ಟು ವರ್ಸದಾಗ ಬರದು ಕೊಟ್ಟವ್ರು ನೀವೊಬ್ಬರ.'

ಉಚ್ಚೀರಪ್ಪ ಹಿಂದಿನಿಂದ ನಕ್ಕ. ಹೆಂಡತಿ ಸತ್ತ ಮೇಲೆ ಅವನು ನಕ್ಕದ್ದು ನಾನು ಕೇಳಿರಲಿಲ್ಲ. ಅಧಿಕಾರಿ ಬಣ್ಣದ ಡಬ್ಬಿ ತರಿಸಿ ಹನ್ನೊಂದು ಬಾಗಿಲಿಗೂ ಸಂಖ್ಯೆ ಬರೆಸಿದ. ಇನ್ನು ವಿಚಾರಣೆ ಆಗದೆ ಯಾರನ್ನೂ ಎಬ್ಬಿಸುವಂತಿಲ್ಲವಂತೆ. ಇಷ್ಟು ಸಂಸಾರಕ್ಕೆ ಒಂದೇ ನಲ್ಲಿ ಸಾಲದು, ಇನ್ನೊಂದು ಕೊಡಬೇಕು ಎಂದೂ ಬರೆದುಕೊಂಡು ಹೋದ. ನನ್ನ ಅರ್ಜಿಯಿಂದ ಆದ ಕಾರ್ಯ ಇದು. ನಿನ್ನ ಚಿಕ್ಕಮ್ಮ ತನ್ನ ಬಾಗಿಲಿನ ಸಂಖ್ಯೆ ಹೊಳೆಯಲೆಂದು ಸೆರಗಿನಿಂದ ಒರೆಸಲು ಹೋದಳು. ಹಸಿ ಬಣ್ಣವೆಂದು ಬೇರೆಯವರು ತಡೆದರು. ಅಂಥ ತಿಳಿವಳಿಕೆ.

ಆದರೂ ನನ್ನ ಸಿದ್ಧಾಂತದಲ್ಲಿ ತಪ್ಪಿಲ್ಲ. ಕಿಕ್ಕಿರಿಯುವುದು ಒಂದು ರೋಗ. ನಿನ್ನ ನೆಲಮಾಳಿಗೆಯ ಕಥೆ ಅದಕ್ಕೆ ವಿರುದ್ಧವಲ್ಲ, ಅನುಕೂಲವಾಗಿಯೇ ಇದೆ. ಆರು ಜನರನ್ನು ನೆಲದೊಳಗೆ ಹಾಕದಿದ್ದರೆ ಅವರನ್ನು ಹೊರಗೆಳೆಯುವ ಪ್ರಶ್ನೆಯೇ ಬರುತ್ತಿರಲಿಲ್ಲ. ಇದರ ಬಗ್ಗೆ ಯೋಚಿಸು.

ಗೋವಿಂದಪ್ಪ


ನ್ಯೂಯಾರ್ಕ್
7 ನವೆಂಬರ್ 2021

ಸಾರ್‌ಗೆ ನಮಸ್ಕಾರ.

ಯೋಚಿಸಿದೆ. ಆರು ಜನರನ್ನು ನೆಲದೊಳಗೆ ಹಾಕಬಾರದಿತ್ತು ಎಂಬ ಮಾತು ಸರಿ. ಅದನ್ನು ನನ್ನ ಮನೆಯೊಡೆಯನಿಗೆ ಹೇಳಿ. ಹತ್ತೊಂಬತ್ತನ್ನು ನಾಲ್ಕು ಎಂದವನಿಗೂ ಅರವತ್ಮೂರನ್ನು ದನದ ಕೊಟ್ಟಿಗೆ ಎಂದವರಿಗೂ ಮಾತು ಚೆನ್ನಾಗಿ ಹೊಂದುತ್ತದೆ. ಇಬ್ಬರಿಗೂ ಗುಂಪನ್ನು ಕಂಡರಾಗದು. ಗುಂಪು ಕೊಡುವ ಬಾಡಿಗೆಯನ್ನು ಮಾತ್ರ ಇಬ್ಬರೂ ದೂರ ತಳ್ಳಿದ್ದು ಗೊತ್ತಿಲ್ಲ.

ನಿಮ್ಮ ಪತ್ರ ಓದಿ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಮೂವತ್ಮೂರು ವರ್ಷ ಭೂಗೋಳ ಕಲಿಸಿದ ಮನುಷ್ಯನಿಗೆ ತನ್ನ ಹಿತ್ತಿಲು ಎಲ್ಲಿದೆ ಎಂಬುದು ಗೊತ್ತಿಲ್ಲದಿದ್ದರೆ ನಾನು ಬರೆದು ಏನು ಫಲ? ಆದರೆ ನಿನ್ನೆ ಹೊಸ ಫೋನಿನಿಂದ ಚಿಕ್ಕಮ್ಮನಿಗೆ ಮಾಡಿದೆ. ಆಕೆ ಮೊದಲು ತಿರುಪತಿಯನ್ನು ಬೈದಳು, ಆಮೇಲೆ ಹೇಳಲಿಲ್ಲವೆಂದು ನನ್ನನ್ನು ಬೈದಳು. ಅದಾದ ಮೇಲೆ ಒಂದು ಮಾತು ಹೇಳಿದಳು. ನೀವು ಮಾಡಿದಂತೆ ನಾನೂ ಇದ್ದಂತೆಯೇ ಬರೆಯುತ್ತೇನೆ.

'ನಿನ್ ಪತ್ರ ಬಂದ ಮರುದಿನ ಸಾರು ನಮ್ ಸಾಲಿಗೆ ಬಂದ್ರು. ನಾ ಇಲ್ಲಿಗೆ ಬಂದು ನಲವತ್ತು ವರ್ಸ ಆತು, ಒಮ್ಮಿನೂ ಒಳಗ ಬಂದಾವ್ರಲ್ಲ. ನನ್ ಹೊಸ್ತಿಲ ಮ್ಯಾಲ ಕುಂತ್ರು. ನಾನು ಖಾಲಿ ಮಾಡಸಾಕ ಬಂದಾರಂತ ತಿಳಕೊಂಡೆ. ಅವ್ರು ನೆಲಾ ನೋಡಕೊಂತ ಕೇಳಿದ್ರು, "ಆಕಿ ಈಗ ಎಲ್ಲಿ ಮಲಗ್ತಾಳ, ಒಣ ಜಾಗ ಐತೇನು?" ಅಂತ. ನನಗೂ ಗೊತ್ತಿಲ್ರಿ, ಫೋನು ಹತ್ತವಲ್ದು ಅಂದೆ. ಚಾ ಕೊಟ್ಟೆ, ಕುಡುದ್ರು. ಮರುದಿನಾ ಬಂದ್ರು, ಅದನ್ನ ಕೇಳಿದ್ರು. ಅದರ ಮರುದಿನಾನೂ. ಆಫೀಸರು ಬಂದು ನಂಬರ್ ಬರಸಿದ ಮ್ಯಾಲೆ ಬರಲಿಲ್ಲ.'

ನಾನು ಅಕ್ಟೋಬರ್ ಇಪ್ಪತ್ನಾಲ್ಕರ ನಿಮ್ಮ ಪತ್ರವನ್ನು ತೆಗೆದು ಇನ್ನೊಮ್ಮೆ ಓದಿದೆ. ರಿಜಿಸ್ಟರ್ ಇದೆ, ಸ್ಕೂಟರಿನ ಸೀಟಿದೆ, ಬಣ್ಣದ ಡಬ್ಬಿ ಇದೆ, ಸಿದ್ಧಾಂತವಿದೆ. ಈ ಪ್ರಶ್ನೆ ಇಲ್ಲ. ಮೂರು ದಿನ ಹೊಸ್ತಿಲ ಮೇಲೆ ಕೂತು ಕೇಳಿದ್ದನ್ನು ನನಗೆ ಬರೆಯಲು ಒಂದು ಸಾಲು ಸಿಗಲಿಲ್ಲ ನಿಮಗೆ. ಕಠಿಣ ಮನುಷ್ಯರು ಎಂದು ಇಷ್ಟು ವರ್ಷ ನಿಮಗೆ ಹೆದರಿದೆ. ಕಠಿಣವಲ್ಲ, ಪುಕ್ಕಲು. ಇದು ಗೊತ್ತಾಗಿದ್ದರೆ ಆಂಜಿಯೂ ನಾನೂ ತರಗತಿಯಲ್ಲಿ ಇನ್ನಷ್ಟು ಪ್ರಶ್ನೆ ಕೇಳುತ್ತಿದ್ದೆವು.

ನೀವು ಕೇಳಿದಿರಿ, ಆದ್ದರಿಂದ ಹೇಳುತ್ತೇನೆ. ಒಣ ಜಾಗ ಇದೆ. ದಿಲ್‌ಮಾಯಾಳ ಬಂಧುಗಳ ಮನೆ, ಆರನೇ ಮಹಡಿ, ಒಂದು ಕೋಣೆಯಲ್ಲಿ ನಾವು ನಾಲ್ವರು ಹೆಂಗಸರು. ನನ್ನ ಹಾಸಿಗೆ ಕಿಟಕಿಯ ಪಕ್ಕ. ದಿಲ್‌ಮಾಯಾ ಗೊರಕೆ ಹೊಡೆಯುತ್ತಾಳೆ. ಮೊದಮೊದಲು ಮಳೆಯ ಸದ್ದಾದರೆ ಎದ್ದು ಕೂರುತ್ತಿದ್ದೆ, ಈಗ ನಿದ್ದೆ ಬರುತ್ತದೆ. ಎಡ ಹೆಗಲು ಇನ್ನೂ ನೋಯುತ್ತದೆ. ಕೆಲಸಕ್ಕೆ ಹೋಗುತ್ತಿದ್ದೇನೆ.

ಈ ಪತ್ರವನ್ನು ಶ್ರೀರಾಮುಲು ಓದುವುದು ಬೇಡ. ಏಳನೇ ಕೋಣೆಯ ಹೊಸ್ತಿಲಿಗೆ ನೀವೇ ತೆಗೆದುಕೊಂಡು ಹೋಗಿ, ಕೂತು, ಚಿಕ್ಕಮ್ಮನಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿ. ಪುಕ್ಕಲು ಎಂಬ ಮಾತನ್ನು ಬಿಡದೆ ಓದಿ.

ಸುಹಾಸಿನಿ